ಹೊತ್ತು ಹುಟ್ಟೂತನಕ

ಸಿದರಾಯ ಕಂಪೌಂಡರ ಬರೆದಿದ್ದ ಇಂಗ್ಲಿಷು ತಪ್ಪಿನಿಂದ ತುಂಬಿತ್ತು. ಅದನ್ನು ಕ್ಷಮಿಸಬಲ್ಲೆ. ಆದರೆ ಅರ್ಥ ಮಾತ್ರ ಯಾರಿಗೂ ತಪ್ಪದಂತೆ ತಿಳಿಯುತ್ತಿತ್ತು: ‘ರೋಗಿ ಧರ್ಮದ ಕಾರಣಕ್ಕೆ ಅನ್ನ, ನೀರು, ಔಷಧ ಎಲ್ಲ ಬಿಟ್ಟಿದ್ದಾಳೆ. ಮನೆಯವರ ಒಪ್ಪಿಗೆ ಇದೆ. ಮುಂದೆ ಏನೂ ಮಾಡತಕ್ಕದ್ದಿಲ್ಲ.’ ಮೊಳೆಗೆ ನೇತುಹಾಕಿದ ಆ ಕಾಗದದ ಕೆಳಗೆ ನನ್ನ ಅತ್ತೆ ಅಕ್ಕಮ್ಮ, ಬಲಗೈ ಇದ್ದ ಜಾಗದಲ್ಲಿ ರಕ್ತ ಹೀರಿದ ಒಂದು ಬಟ್ಟೆಯ ಗಂಟು ಇಟ್ಟುಕೊಂಡು ಮಲಗಿದ್ದಳು.

ಮನೆಯವರ ಒಪ್ಪಿಗೆ ಎಂದರೆ ಯಾರ ಒಪ್ಪಿಗೆ? ಮನೆಯವರಲ್ಲಿ ನಾನೂ ಒಬ್ಬಳು. ಆ ಮಾತು ನಡೆದಾಗ ನಾನು ಅಲ್ಲೇ, ಮಂಚದ ಕಾಲು ಹಿಡಿದು ನಿಂತಿದ್ದೆ.

ಅತ್ತೆ ನನ್ನ ತಂದೆ ಅನಂತಪ್ಪನವರ ಅಕ್ಕ. ತೇರದಾಳದ ಹೊರಗೆ ಅವಳದೇ ಹೊಲ, ಅವಳದೇ ಕಬ್ಬು. ಇಪ್ಪತ್ತಾರನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡವಳು ಮೂವತ್ತು ವರ್ಷ ಆ ಬೇಸಾಯವನ್ನು ತಾನೇ ನಡೆಸಿದಳು. ತಾಯಿ ಇಲ್ಲದ ನನ್ನನ್ನು ಸಾಕಿದವಳೂ ಅವಳೇ. ನನ್ನನ್ನು ಕೊಲ್ಹಾಪುರಕ್ಕೆ ಓದಲು ಕಳಿಸಲು ಅಪ್ಪ ಹಿಂದೆಮುಂದೆ ನೋಡಿದಾಗ, “ಕಳಸಲೇ ಅನಂತಾ, ಸಾಲಿ ಕಲತ್ರ ಮೂಗೇನು ಉದರಂಗಿಲ್ಲ,” ಎಂದು ತಮ್ಮನ ಬಾಯಿ ಮುಚ್ಚಿಸಿದ್ದಳು. ಹೀಗೆ ನಾನು ಬಿ.ಎ. ಆದೆ.

ಮಾಘದ ಒಂದು ಸೋಮವಾರ ಗಾಣ ಹೂಡಿದ್ದರು. ಅಪ್ಪ ಬೆಲ್ಲದ ಮಾತಿಗೆಂದು ಸಾಂಗಲಿಗೆ ಹೋಗಿದ್ದರು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಕಬ್ಬು ಉಣಿಸುವ ಆಳು ಎಲೆಅಡಿಕೆ ಹಾಕಿಕೊಳ್ಳಲು ಎದ್ದ. ಗಾಣ ಬರಿದೇ ತಿರುಗಬಾರದೆಂದು ಅತ್ತೆ ಆ ಜಾಗದಲ್ಲಿ ಕೂತಳು. ಸೆರಗು ಕಬ್ಬಿಣದ ಉರುಳೆಗೆ ಸಿಕ್ಕಿತು, ಅದನ್ನು ಬಿಡಿಸಲು ಹೋದ ಕೈಯೂ ಸಿಕ್ಕಿತು. ಎತ್ತು ನಿಲ್ಲಿಸಿ, ಉರುಳೆ ಹಿಂದಕ್ಕೆ ತಿರುಗಿಸಿ ತೆಗೆಯುವಷ್ಟರಲ್ಲಿ ಮಣಿಕಟ್ಟಿನಿಂದ ಕೆಳಗೆ ಕೈ ಎನ್ನುವಂಥದು ಉಳಿದಿರಲಿಲ್ಲ. ಕಾಲೇಜಿನಲ್ಲಿ ಪ್ರಥಮ ಚಿಕಿತ್ಸೆಯ ವರ್ಗದಲ್ಲಿ ಕಲಿತದ್ದು ನೆನಪಾಗಿ ನನ್ನ ಸೀರೆಯ ಅಂಚು ಹರಿದು ಮೊಣಕೈ ಮೇಲೆ ಬಿಗಿದೆ. ಅತ್ತೆ ಕಿರುಚಲಿಲ್ಲ. ಕಬ್ಬಿನ ಹಾಲು ಇಳಿಯುವ ಪಾತ್ರೆಯ ಕಡೆ ನೋಡಿ, “ಆ ಹಾಲು ಚೆಲ್ಲರಿ. ರಕ್ತ ಬಿದ್ದೈತಿ,” ಎಂದಳು. ಆಮೇಲೆ ಕಣ್ಣು ಮೇಲಾಯಿತು.

ಸುದ್ದಿ ಕೇಳಿ ಓಡಿ ಬಂದವರು ಪಾರಿಸಪ್ಪ ಮಾವ, ಅತ್ತೆಯ ಮೈದುನ. ಚಕ್ಕಡಿಯಲ್ಲಿ ಊರಿನತನಕ, ಅಲ್ಲಿಂದ ಸರ್ವಿಸ್ ಮೋಟಾರಿನಲ್ಲಿ ಬನಹಟ್ಟಿಯತನಕ ಅತ್ತೆಯ ತಲೆ ಅವರ ತೊಡೆಯ ಮೇಲಿತ್ತು. ಇದನ್ನೂ ಬರೆಯಬೇಕು. ದಾರಿಯುದ್ದಕ್ಕೂ ಅವರು ಅತ್ತರು.

ಆ ದವಾಖಾನೆ ನೂಲಿನ ವ್ಯಾಪಾರಿಗಳು ವರ್ಗಣಿ ಹಣ ಕೂಡಿಸಿ ಕಟ್ಟಿಸಿದ್ದು. ಎಂಟು ಮಂಚ. ದೊಡ್ಡ ಡಾಕ್ಟರು ಮಂಗಳವಾರ ಮತ್ತು ಶುಕ್ರವಾರ ಮುಂಜಾನೆ ಬಂದು, ಹತ್ತರ ಹೊತ್ತಿಗೆ ಮುಧೋಳಕ್ಕೆ ಹೋಗಿಬಿಡುತ್ತಿದ್ದರು. ಉಳಿದ ಹೊತ್ತು ಎಲ್ಲವೂ ಸಿದರಾಯ ಕಂಪೌಂಡರನ ಕೈಯಲ್ಲಿ. ನಾವು ಹೋದಾಗ ಹೊತ್ತು ಆಗಷ್ಟೇ ಮುಳುಗಿತ್ತು.

“ಯಾವ ಸಂಸ್ಥಾನದವರ್ರಿ?” ಎಂದ ಸಿದರಾಯ.

“ತೇರದಾಳ.”

“ಊರು ಕೇಳಲಿಲ್ಲರಿ ಅಕ್ಕಾರ, ಸಂಸ್ಥಾನ ಕೇಳಿದೆ. ಹೊರ ಸಂಸ್ಥಾನದವರ ಪುಸ್ತಕ ಬ್ಯಾರೆ ಐತಿ.”

ಆ ಬೇರೆ ಪುಸ್ತಕ ಸಿಗುವತನಕ ಅತ್ತೆಯ ರಕ್ತ ಫರಸಿ ನೆಲದ ಮೇಲೆ ತೊಟ್ಟಿಕ್ಕುತ್ತಿತ್ತು. ತೇರದಾಳ ಸಾಂಗಲಿಯ ರಾಜರದು, ಬನಹಟ್ಟಿ ಬೇರೆ ರಾಜರದು; ಆರೇಳು ಮೈಲಿ ದೂರದ ನಾವು ಹೊರಗಿನವರು. ಪುಸ್ತಕ ಸಿಕ್ಕ ಮೇಲೆ ಮಾತ್ರ ಅವನ ಕೈ ಚುರುಕಾಗಿತ್ತು. ಗಾಯ ತೊಳೆದ, ಕಟ್ಟಿದ, ನೋವಿಗೆ ಸೂಜಿ ಹಾಕಿದ. ಆಮೇಲೆ ನನಗೆ ಹೇಳಿದ, “ರಕ್ತ ಭಾಳ ಹೋಗೈತ್ರಿ. ಸಕ್ಕರಿ ನೀರು, ಹಾಲು, ಚಮಚೆಲೆ ಕುಡಸ್ಕೋಂತ ಇರ್ರಿ. ನಾಳಿ ಸಾಹೇಬ್ರು ಬಂದು ಕೈ ತಗೀತಾರ. ತಗೀಲಿಲ್ಲಂದ್ರ ವಿಷ ಮ್ಯಾಲೇರತೈತಿ. ಶುಕ್ರವಾರತನಕ ಉಳಿಯೂ ಆಸೆ ಇಲ್ಲ.”

ನಾನು ಹಾಲಿನ ಚಮಚೆಯನ್ನು ಅತ್ತೆಯ ತುಟಿಗೆ ಮುಟ್ಟಿಸಿದೆ. ಅವಳು ಕಣ್ಣು ತೆರೆದು ಕಿಟಕಿಯ ಕಡೆ ನೋಡಿದಳು. ಹೊರಗೆ ಮಬ್ಬಾಗಿತ್ತು.

“ಹೊತ್ತು ಮುಳುಗೇತಿ,” ಎಂದಳು. “ನನಗ ತ್ಯಾಗ ಐತಿ.”

ನಮ್ಮ ಮನೆಯಲ್ಲಿ ಹುಟ್ಟಿದವರಿಗೆ ಆ ಮಾತು ಹೊಸದಲ್ಲ. ಜೈನರಾದ ನಾವು ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಅತ್ತೆಯದು ಇನ್ನೂ ಕಟ್ಟುನಿಟ್ಟು. ಹೊತ್ತು ಇಳಿಯುವ ಮುಂಚೆ ಬಾಯಿ ಮುಕ್ಕಳಿಸಿ, ಪಡಸಾಲೆಯ ಕಂಬಕ್ಕೆ ಒರಗಿ, ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದಳು: “ನಾಳಿ ಹೊತ್ತು ಹುಟ್ಟೂತನಕ ನನಗ ಅನ್ನ ನೀರಿನ ತ್ಯಾಗ ಐತಿ.” ಮುಂಜಾನೆ ಒಂಬತ್ತು ಸಲ ಣಮೋಕಾರ ಮಂತ್ರ ಹೇಳಿ, ಆಮೇಲೆ ನೀರು. ನಾನು ನೆನಪು ಬಂದಾಗಿನಿಂದ ಇದನ್ನು ದಿನಾಲೂ ಕೇಳಿದ್ದೇನೆ. ಆ ಸಂಜೆ ನೋವಿನಲ್ಲಿ ಅವಳು ಅರ್ಧವೇ ಹೇಳಿದಳು. ಹೊತ್ತು ಹುಟ್ಟೂತನಕ ಎನ್ನುವ ಅರ್ಧ ಗಂಟಲಲ್ಲೇ ಉಳಿಯಿತು.

“ತ್ಯಾಗ ಅಂದ್ರ?” ಎಂದು ಸಿದರಾಯ ಕೇಳಿದ. ಅವನು ಶೈವರವನು, ಅವನಿಗೆ ತಿಳಿಯದಿದ್ದರೆ ತಪ್ಪಿಲ್ಲ.

ಪಾರಿಸಪ್ಪ ಮಾವನಿಗೆ ತಿಳಿಯದೆ ಇರಲು ಸಾಧ್ಯವೇ? ಅದೇ ಪಡಸಾಲೆಯಲ್ಲಿ ಅವರೂ ಕೂತವರು. ಆದರೆ ಅವರು ಎದ್ದು ನಿಂತರು, ಅತ್ತೆಗೆ ಕೈ ಮುಗಿದರು, ಕಣ್ಣಲ್ಲಿ ನೀರು ತಂದುಕೊಂಡು ಹೇಳಿದರು, “ಎಲ್ಲಾ ಬಿಟ್ಳು ನಮ್ಮ ವೈನಿ. ಅನ್ನ, ನೀರು, ನಿಮ್ಮ ಔಷಧ, ಎಲ್ಲಾ. ನಮ್ಮೊಳಗ ಇದಕ್ಕ ಸಮಾಧಿ ಅಂತಾರ, ಕಂಪೌಂಡರ. ಹಿಂತಾ ಜೀವ ಲಕ್ಷಕ್ಕ ಒಂದು.”

“ಹಂಗಾರ ಕೈ ತಗಿಯೂದು?”

“ಇನ್ನ ಕೈ ಯಾಕ, ಕಾಲು ಯಾಕ. ಆಕಿನ್ನ ಯಾರೂ ಮುಟ್ಟಬ್ಯಾಡ್ರಿ.”

ಸಮಾಧಿ ನಮ್ಮಲ್ಲಿ ಸಣ್ಣ ಮಾತಲ್ಲ. ಇನ್ನು ಉಳಿಯುವ ದಾರಿಯೇ ಇಲ್ಲವೆಂದು ಖಚಿತವಾದವರು, ಬುದ್ಧಿ ಸ್ಥಿರವಿದ್ದಾಗ, ಗುರುಗಳ ಮುಂದೆ ಕೂತು, ಎಲ್ಲರ ಕ್ಷಮೆ ಕೇಳಿ, ತಮ್ಮ ಬಾಯಿಂದ ತಾವೇ ಬೇಡಿ ಪಡೆಯುವುದು. ಗುರುಗಳೂ ಎರಡು ಸಲ, ಮೂರು ಸಲ ಕೇಳಿಯೇ ಕೊಡುತ್ತಾರೆ. ಇದನ್ನು ನನಗೆ ಹೇಳಿಕೊಟ್ಟವಳೂ ಅತ್ತೆಯೇ. ಮೈದುನ ಬೇಡಿ ಅತ್ತಿಗೆಗೆ ಕೊಡಿಸುವ ಸಮಾಧಿ ಯಾವ ಶಾಸ್ತ್ರದಲ್ಲೂ ಇಲ್ಲ.

ಹಿಂದಿನ ವರ್ಷ ನಮ್ಮ ಎದುರು ಮನೆಯ ಮುದುಕಿ ಹಾಗೆ ಸಮಾಧಿ ಪಡೆದು ಶಾಂತಳಾಗಿ ಹೋದಾಗ ಸುತ್ತಿನ ಹಳ್ಳಿಗಳಿಂದ ಜನ ಬಂದು ಕಾಲು ಮುಟ್ಟಿ ಹೋಗಿದ್ದರು. ಅಂದಿನಿಂದ ಬಸದಿಯಲ್ಲಿ ಆ ಮನೆಯವರಿಗೆ ಮುಂದಿನ ಸಾಲು. ಮಾವನಿಗೆ ಅದು ಒಳಗೊಳಗೇ ಕಡಿಯುತ್ತಿತ್ತು. ಅವರು ಹೊಲದ ಆಸೆಗೆ ಹೀಗೆ ಮಾಡಿದರು ಎಂದು ಆಮೇಲೆ ಕೆಲವರು ಅಂದರು. ಹಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಕಳ್ಳನ ಮೇಲೆ ಸಿಟ್ಟಾಗುವುದು ಕಷ್ಟವಲ್ಲ. ಅವರು ನಿಜವಾಗಿಯೂ ಭಕ್ತಿಯಿಂದ ನಡುಗುತ್ತಿದ್ದರು. ಅತ್ತೆಯನ್ನು ಸಾಯಲು ಬಿಡುವುದೇ ಅವಳಿಗೆ ಮಾಡುವ ದೊಡ್ಡ ಗೌರವ ಎಂದು ನಂಬಿದ್ದರು. ಆ ಗೌರವಕ್ಕೆ ನನ್ನ ಮೈ ಉರಿಯುತ್ತದೆ.

ಸಿದರಾಯ ಬರೆದುಕೊಂಡ. ಮಾವ ಊರಿಗೆ ಸುದ್ದಿ ಮುಟ್ಟಿಸಲು ಕಡೆಯ ಮೋಟಾರು ಹಿಡಿದರು. ನಾನು ಸುಮ್ಮನಿದ್ದೆ.

ಗಂಡಸರು ಮಾತಾಡುವಾಗ ನಡುವೆ ಬಾಯಿ ಹಾಕುವುದು ನನಗೆ ಬಂದದ್ದಲ್ಲ. ಕಾಲೇಜಿನಲ್ಲೂ ಉತ್ತರ ಗೊತ್ತಿದ್ದು ಕೈ ಎತ್ತದೆ, ಖೋಲಿಗೆ ಬಂದು ಅದನ್ನು ಡೈರಿಯಲ್ಲಿ ಬರೆದವಳು ನಾನು. ಬೆಳಗಾದರೆ ಅತ್ತೆ ತಾನೇ ಹೇಳಿಕೊಳ್ಳುತ್ತಾಳೆ ಎಂದು ನನಗೆ ನಾನೇ ಸಮಾಧಾನ ಮಾಡಿಕೊಂಡೆ. ಕಂದೀಲು ಇಡಲು ಬಂದ ಆಯಾ ಮರೆವ್ವ ನನ್ನ ಮುಖ ನೋಡಿದಳು.

“ಏನವಾ, ನಿಮ್ಮತ್ತಿ ಅಂದದ್ದು, ಆ ಹಿರ್ಯಾ ಅಂದದ್ದು, ಎರಡೂ ಒಂದ ಏನು?”

“ಅಲ್ಲ.”

“ಮತ್ತ ಹೇಳಬಾರದಾ?”

“ನಾಳಿ ಹೇಳ್ತೀನಿ.”

“ಹೂಂ,” ಎಂದಳು ಮರೆವ್ವ, “ನಾಳಿ ಅನ್ನೂದು ಆಕಿಗಿ ಇರಬೇಕಲಾ.”

ಬೇನೆಯಿದ್ದಾಗ ಕುಡಿದರೆ ದೋಷವಿಲ್ಲ ಅತ್ತಿ, ಒಂದು ಗುಟುಕು ತಗೋ ಎಂದು ನಾನು ಎರಡು ಮೂರು ಸಲ ಬೇಡಿಕೊಂಡೆ. ಅವಳು ತಲೆ ಆಡಿಸಿದಳು, ಅಷ್ಟೇ. ಒದ್ದೆ ಬಟ್ಟೆಯಿಂದ ತುಟಿ ಒರೆಸಲೂ ಬಿಡಲಿಲ್ಲ. ಬೆಳಗಿನ ಬಿಸಿಲು ಕಿಟಕಿಯ ಸರಳಿಗೆ ಬಿದ್ದ ಕೂಡಲೇ ಅವಳ ತುಟಿ ಅಲುಗತೊಡಗಿತು. ನಾನು ಎಣಿಸಿದೆ. ಒಂಬತ್ತು ಮುಗಿಯಲು ಬಹಳ ಹೊತ್ತು ಹಿಡಿಯಿತು, ನಡುವೆ ಎರಡು ಸಲ ತಪ್ಪಿ ಮೊದಲಿನಿಂದ ಹೇಳಿದಳು. ಆಮೇಲೆ, “ತಾ ಬೇ,” ಎಂದಳು. ಅರ್ಧ ತಂಬಿಗೆ ನೀರು ಕುಡಿದು ಮತ್ತೆ ಮಂಪರಿಗೆ ಹೋದಳು. ಇದನ್ನು ಕಂಡವರು ನಾನು, ಮರೆವ್ವ, ಇಬ್ಬರೇ.

ಎಂಟಕ್ಕೆ ಡಾಕ್ಟರ ಮೋಟಾರು ಬಂತು. ಅವರು ಪುಣೆಯ ಕಡೆಯವರು, ಕನ್ನಡವನ್ನು ಜೋಡಿಸಿ ಜೋಡಿಸಿ ಆಡುತ್ತಿದ್ದರು. ಕಾಗದ ಓದಿದರು, ಕಣ್ಣಿನ ಚಾಳೀಸು ತೆಗೆದರು, ಮಲಗಿದ್ದ ಅತ್ತೆಗೆ ಕೈ ಮುಗಿದರು.

“ಭಾಳ ದೊಡ್ಡ ನಿಶ್ಚಯ,” ಎಂದು ನನಗೆ ಹೇಳಿದರು. “ನಾವು ನಡುವ ಬರೂದಿಲ್ಲ.”

“ಅದು ಹಂಗಲ್ಲರಿ...” ಎಂದೆ. ನನಗೇ ಕೇಳಿಸದಷ್ಟು ಸಣ್ಣಗೆ. ಅಷ್ಟರಲ್ಲಿ ಅವರು ಪಕ್ಕದ ಮಂಚದ ನೇಕಾರನ ಕಾಲಿನ ಕುರು ಹಿಸುಕಿ ನೋಡುತ್ತಿದ್ದರು. ಆ ನೇಕಾರನನ್ನು ಮೂರು ಸಲ ಕೇಳಿದರು, ನೋವು ಎಲ್ಲಿ, ಎಷ್ಟು ದಿನದಿಂದ, ಏನು ಉಂಡೆ. ಕುರುವಿಗೆ ಮೂರು ಪ್ರಶ್ನೆ. ಜೀವಕ್ಕೆ ಒಂದೂ ಇಲ್ಲ.

ಅವರು ಒಳಗಿನ ಖೋಲಿಗೆ ಕೈ ತೊಳೆಯಲು ಹೋದಾಗಲೇ ತೇರದಾಳದ ಜನ ಬಂದರು. ಎರಡು ಚಕ್ಕಡಿ ತುಂಬ ಬಂದಿದ್ದರು, ಹದಿನೈದು ಮಂದಿಗೆ ಕಡಿಮೆ ಇರಲಿಲ್ಲ. ಮುಂದೆ ಪಾರಿಸಪ್ಪ ಮಾವ, ಕೈಯಲ್ಲಿ ಮಡಿಸಿದ ಹೊಸ ಬಿಳಿ ಸೀರೆ. ಹೆಂಗಸರು ಅಕ್ಕಿ ತಂದಿದ್ದರು. ಒಬ್ಬೊಬ್ಬರಾಗಿ ಅತ್ತೆಯ ಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಎಲ್ಲರೂ ಕೂಡಿ ಣಮೋಕಾರ ಹೇಳತೊಡಗಿದರು.

ಆ ಸದ್ದಿಗೆ ಅತ್ತೆ ಕಣ್ಣು ತೆರೆದಳು. ಒಂದಿಷ್ಟು ಹೊತ್ತು ಎಲ್ಲರನ್ನೂ ನೋಡಿದಳು.

“ಯಾರು ಸತ್ರ ಬೇ?” ಎಂದು ನನ್ನನ್ನು ಕೇಳಿದಳು.

“ಯಾರೂ ಇಲ್ಲ ಅತ್ತಿ.”

“ಮತ್ತ ಇವರೆಲ್ಲಾ ಸುಗ್ಗಿ ಬಿಟ್ಟು ಇಲ್ಲಿಗ್ಯಾಕ ಬಂದಾರ?”

ಹಿಂದೆ ನಿಂತಿದ್ದ ಯಾರೋ ಹೆಂಗಸು ಫಕ್ಕನೆ ನಕ್ಕು ಸೆರಗು ಬಾಯಿಗೆ ಹಿಡಿದಳು. ಮಾವ ಬಾಗಿ ಮೆಲ್ಲಗೆ ಹೇಳಿದರು, “ವೈನಿ, ಸುಗ್ಗಿ ಚಿಂತಿ ಬಿಡ್ರಿ. ಮೋಹ ಎಲ್ಲಾ ಬಿಟ್ಟಾತು. ಸುಮ್ಮ ಮನಸನ್ಯಾಗ ಮಂತ್ರ ಅನ್ನರಿ.”

ಅತ್ತೆಗೆ ಅದು ಎಷ್ಟು ತಿಳಿಯಿತೋ. “ನೀರು ಕೊಡ ಬೇ,” ಎಂದಳು.

ನಾನು ತಂಬಿಗೆ ಎತ್ತಿದೆ. ಮಾವ ನನ್ನ ಮಣಿಕಟ್ಟು ಹಿಡಿದರು. ಒರಟಾಗಿ ಅಲ್ಲ. ಮಗುವಿನ ಕೈಯಿಂದ ಕತ್ತರಿ ತೆಗೆದುಕೊಳ್ಳುವ ಹಾಗೆ ತಂಬಿಗೆ ತೆಗೆದುಕೊಂಡು ಕೆಳಗಿಟ್ಟರು.

“ದೇಹ ಕೇಳತೈತಿ, ತಂಗಿ. ಆತ್ಮ ಕೇಳಾಕತ್ತಿಲ್ಲ,” ಎಂದರು. ಸುತ್ತ ನಿಂತವರು ತಲೆದೂಗಿದರು.

ಅತ್ತೆ ಮತ್ತೊಮ್ಮೆ, “ನೀರು,” ಎಂದಳು.

ಅತ್ತೆಯ ಮಾತು ಕೇಳಿಸದವರು ಅಲ್ಲಿ ಯಾರೂ ಇರಲಿಲ್ಲ. ಅವಳು ಸ್ಪಷ್ಟವಾಗಿ, ಕನ್ನಡದಲ್ಲಿ ನೀರು ಕೇಳುತ್ತಿದ್ದಳು. ಅದಕ್ಕೆ ಅವರು ಅರ್ಥ ಹುಡುಕುತ್ತಿದ್ದರು.

“ಆಕಿ ಮುಂಜಾನೆ ಕುಡದಾಳ್ರಿ,” ಎಂದೆ. ಇಷ್ಟು ಹೊರಗೆ ಬಂತು.

ಮಂತ್ರ ನಿಂತಿತು.

“ಕುಡಸಿದಿ?” ಎಂದಳು ಒಬ್ಬ ಮುದುಕಿ. “ತ್ಯಾಗ ಹಿಡದಾಕಿಗಿ ನೀರು ಕುಡಸಿದಿ? ಯಾವ ಜನ್ಮಕ್ಕ ತೊಳಕೋತಿ ಇದನ್ನ?”

“ಇಂಗ್ಲೀಷ ಸಾಲಿ ಕಲತಾಕಿ ಹಂತ್ಯಾಕ ಬಿಟ್ಟು ಹ್ವಾದ್ರ ಇನ್ನೇನಾಕ್ಕೈತಿ,” ಎಂದ ಇನ್ನೊಬ್ಬ. “ನಾಳಿ ಕೋಳಿ ಸಾರು ಕುಡಸತಿದ್ಲು.”

ಹೊತ್ತು ಹುಟ್ಟೂತನಕ, ಹೊತ್ತು ಹುಟ್ಟೂತನಕ ಅಷ್ಟೇ ಇತ್ತು ಎಂದು ಹೇಳಲು ನಾನು ಬಾಯಿ ತೆರೆದೆ. ಹದಿನೈದು ಮಂದಿ ಒಟ್ಟಿಗೆ ಮಾತಾಡುತ್ತಿದ್ದರು. ಆಗ ಮೊಳೆಯ ಮೇಲಿನ ಆ ಕಾಗದ ಕಣ್ಣಿಗೆ ಬಿತ್ತು, ಅದಕ್ಕೆ ದಾರದಿಂದ ಕಟ್ಟಿದ ಪೆನ್ಸಿಲ್ಲೂ. ಕಿತ್ತುಕೊಂಡು, ಗೋಡೆಗೆ ಒತ್ತಿ, ಸಿದರಾಯ ಬರೆದದ್ದರ ಮೇಲೆ ಅಡ್ಡ ಗೆರೆ ಎಳೆದೆ. ಕೆಳಗೆ ಇಂಗ್ಲಿಷಿನಲ್ಲಿ ಬರೆದೆ: ‘ಇದು ಸುಳ್ಳು. ರೋಗಿ ಬಿಟ್ಟದ್ದು ಇಂದಿನ ಸೂರ್ಯೋದಯದವರೆಗೆ ಮಾತ್ರ. ಇದು ಅವಳ ದಿನನಿತ್ಯದ ರೂಢಿ. ಸೂರ್ಯ ಹುಟ್ಟಿ ಒಂದು ತಾಸಿನ ಮೇಲಾಯಿತು. ಅವಳು ನೀರು ಕೇಳುತ್ತಿದ್ದಾಳೆ. ಕೊಡಲು ಬಿಡುತ್ತಿಲ್ಲ.’

ಒಳಗಿನ ಖೋಲಿಯ ಬಾಗಿಲು ತಳ್ಳಿ ಡಾಕ್ಟರ ಕೈಗೇ ಕೊಟ್ಟೆ. ಅವರ ಕೈ ಇನ್ನೂ ಸಾಬೂನಿನಿಂದ ಒದ್ದೆಯಾಗಿತ್ತು.

“ರೋಗಿಯ ಕಾಗದದ ಮೇಲೆ ಇದು ಯಾರು ಬರೆದದ್ದು?”

“ನಾನ್ರಿ.”

“ಅಧಿಕಾರ ಯಾರು ಕೊಟ್ಟರು?”

“ಸಿದರಾಯರಿಗೆ ಯಾರು ಕೊಟ್ರರಿ?” ಎಂದೆ. ನನ್ನ ಬಾಯಿಂದ ಅದು ಹೇಗೆ ಬಂತೋ. ಒಂದು ಬಂದ ಮೇಲೆ ಉಳಿದದ್ದೂ ಬಂತು. “ಆಕಿ ಜೀವದ ಬಗ್ಗೆ ನಮ್ಮ ಮಾವನ್ನ ಕೇಳಿದ್ರಿ. ಕಂಪೌಂಡರನ್ನ ಕೇಳಿದ್ರಿ. ಆಕಿನ್ನ ಒಬ್ಬರೂ ಕೇಳಿಲ್ರಿ. ಆಕಿಗಿ ಬಾಯಿ ಐತಿ. ಬಂದು ಕೇಳ್ರಿ.”

ಸಿದರಾಯ ಗೋಡೆ ನೋಡುತ್ತಿದ್ದ. ಡಾಕ್ಟರು ಇನ್ನೊಮ್ಮೆ ಕಾಗದ ಓದಿ ಹೊರಗೆ ಬಂದರು. ಜನರನ್ನು ದಾಟಿ ಮಂಚದ ಹತ್ತಿರ ಕುರ್ಚಿ ಎಳೆದುಕೊಂಡು ಕೂತರು.

“ಅಕ್ಕಮ್ಮಾಬಾಯಿ, ನಿಮ್ಮ ಕೈ ಕೆಟ್ಟದ. ಮೊಣಕೈ ಕೆಳಗ ಕತ್ತರಿಸಬೇಕು. ಕತ್ತರಿಸಿದರ ಉಳಿಯಬಹುದು, ಖಾತ್ರಿ ಹೇಳೂದಿಲ್ಲ. ಬಿಟ್ಟರ ಮೂರು ದಿನ. ನೀವು ಏನು ಅಂತೀರಿ?”

ಮಾವ ಸೀರೆಯನ್ನು ಎದೆಗೆ ಒತ್ತಿ ಹಿಡಿದಿದ್ದರು. ಅತ್ತೆ ಡಾಕ್ಟರನ್ನೇ ನೋಡಿದಳು.

“ತಗೀರಿ,” ಎಂದಳು. “ಅರ್ಧ ಕಬ್ಬು ಇನ್ನೂ ನಿಂತೈತಿ ನಂದು.”

ಮಾವನ ಮುಖ ನೋಡಿದೆ. ಅದು ದುಃಖವೂ ಅಲ್ಲ, ಸಂತೋಷವೂ ಅಲ್ಲ. ಯಾರೋ ಅವರಿಗೆ ಮೋಸ ಮಾಡಿದ ಹಾಗಿತ್ತು. ಸಹಿ ಬೇಕಾದಾಗ, “ಈ ಪಾಪದಾಗ ನನ್ನ ಕೈ ಇಲ್ಲ,” ಎಂದು ಹಿಂದಕ್ಕೆ ಸರಿದರು. ನಾನು ಮಾಡುತ್ತೇನೆ ಎಂದರೆ ಸಿದರಾಯ ತಲೆ ಕೆರೆದುಕೊಂಡ, “ಗಂಡಸರದು ಬೇಕ್ರಿ. ಇಲ್ಲಾ ರೋಗಿದ ಹೆಬ್ಬಟ್ಟಾದ್ರೂ ಬೇಕು. ಹೆಂಗಸರದಂದ್ರ ಬಲಗೈದಾಗಬೇಕು ಅಂತ ನೇಮ ಐತ್ರಿ.”

“ಬಲಗೈ,” ಎಂದರು ಡಾಕ್ಟರು ನಿಧಾನವಾಗಿ. “ಬಲಗೈ ಎಲ್ಲಿ ಅದ, ಸಿದರಾಯ? ಹುಡುಕಿ ತಾ.”

ಅತ್ತೆಯ ಎಡಗೈ ಹೆಬ್ಬೆಟ್ಟಿಗೆ ನಾನೇ ಮಸಿ ಹಚ್ಚಿ ಒತ್ತಿಸಿದೆ. ಎಷ್ಟು ನೀರು ಕುಡಿದಳು, ಯಾವಾಗ ಎಂದು ಡಾಕ್ಟರು ಕೇಳಿ ಗಡಿಯಾರ ನೋಡಿಕೊಂಡರು. ಕ್ಲೋರೋಫಾರ್ಮಿಗೆ ಹೊಟ್ಟೆ ಖಾಲಿ ಇರಬೇಕಂತೆ. ಒಂಬತ್ತೂವರೆಯತನಕ ತಡೆದರು. ಅಂದು ಮುಧೋಳದವರು ಅವರನ್ನು ಮಧ್ಯಾಹ್ನದವರೆಗೆ ಕಾದರು.

ಬಾಗಿಲು ಹಾಕಿಕೊಂಡಿತು. ತೇರದಾಳದ ಜನ ಕೂಡಲೇ ಹೋಗಲಿಲ್ಲ. ಅಂಗಳದ ಬೇವಿನ ಗಿಡದ ಕೆಳಗೆ ಕೂತು ಬುತ್ತಿ ಬಿಚ್ಚಿದರು. ಊಟ ಮಾಡುತ್ತ ಒಬ್ಬಾಕೆ, “ಏನ ಅನ್ನು, ಕಡೀ ಗಳಿಗ್ಯಾಗ ಮನಸು ಜಾರಿತು,” ಎನ್ನುತ್ತಿದ್ದಳು. ಇನ್ನೊಬ್ಬಾಕೆ, “ಎಲ್ಲಾರಿಗೂ ಆ ಪುಣ್ಯೆ ಎಲ್ಲಿ ಬರಬೇಕವಾ,” ಎಂದು ರೊಟ್ಟಿ ಮುರಿದಳು. ಒಳಗೆ ಗರಗಸ ನಡೆಯುತ್ತಿತ್ತು. ಒಂದೂವರೆ ತಾಸಿನ ಮೇಲೆ ಮರೆವ್ವ ಹೊರಗೆ ಬಂದು, “ಉಸರು ಐತಿ,” ಎಂದಳು. ಆಗ ಅವರು ಎದ್ದು ಚಕ್ಕಡಿ ಹೂಡಿದರು. ಅತ್ತೆಗೆಂದು ತಂದಿದ್ದ ಬಿಳಿ ಸೀರೆಯನ್ನು ಮಾವ ತಿರುಗಿ ಒಯ್ದರು.

ಬಟ್ಟೆಯಲ್ಲಿ ಸುತ್ತಿದ ಕೈಯನ್ನು ಹಿಂದಿನ ಹಿತ್ತಲಲ್ಲಿ ಮಣ್ಣು ಮಾಡಿದವರು ನಾನು, ಮರೆವ್ವ. ನನಗೆ ಅನ್ನ ಬಡಿಸಿ, ತಲೆ ಬಾಚಿ, ಕೆನ್ನೆಗೆ ಎರಡು ಸಲ ಹೊಡೆದೂ ಇದ್ದ ಕೈ. ಸುತ್ತಿದ ಬಟ್ಟೆಯ ಮೇಲಿನಿಂದ ಅದರ ತೂಕ ಮಾತ್ರ ಗೊತ್ತಾಯಿತು.

ಆರು ದಿನ ಜ್ವರ ಏರಿತು, ಇಳಿಯಿತು, ಏರಿತು. ಮೂರನೆಯ ದಿನ ಅಪ್ಪ ಸಾಂಗಲಿಯಿಂದ ಬಂದರು. ಮಾತು ಅವರಿಗೂ ಕಡಿಮೆ, ಅಕ್ಕನ ಕಾಲು ಒತ್ತುತ್ತ ಕೂತುಬಿಟ್ಟರು. ಏಳನೆಯ ದಿನ ಅತ್ತೆ ಅಂಬಲಿ ಕುಡಿದು, ಗಾಣ ನಡೆಯಿತೋ ಇಲ್ಲವೋ ಎಂದು ಜಗಳಕ್ಕೆ ಬಂದಳು. ಆ ಮಂಗಳವಾರದ ಸಂಗತಿಯನ್ನು ನಾವು ಅವಳಿಗೆ ಹೇಳಿರಲಿಲ್ಲ. ಜನ ನೋಡಲು ಬಂದಿದ್ದರು ಎಂದಷ್ಟೇ ಅವಳು ತಿಳಿದಿದ್ದಳು.

ಒಂಬತ್ತನೆಯ ದಿನ ಮಧ್ಯಾಹ್ನ ಪಾರಿಸಪ್ಪ ಮಾವ ಬಂದರು. ಜೊತೆಗೆ ಬಸದಿಯ ಹಿರಿಯರಾದ ಪದ್ಮರಾಜಪ್ಪನವರು. ಒಳ್ಳೆಯ ಮನುಷ್ಯರು, ಹೇಳಲು ನಾಚಿಕೊಳ್ಳುತ್ತಿದ್ದರು.

“ಅಕ್ಕಮ್ಮವ್ವಾರ, ನೀವು ಉಳದದ್ದು ಛಲೋ ಆತು. ಆದ್ರ ಊರಾಗ ಮಾತು ಆಗೇತ್ರಿ. ಸಮಾಧಿ ಹಿಡದು ನಡುವ ಮುರದ್ರ ಪ್ರಾಯಶ್ಚಿತ್ತ ಆಗಬೇಕಾಗ್ತೈತಿ. ಅದು ಆಗೂತನಕ ಬಸದಿಗೆ ಬರೂದು... ಒಂದಿಷ್ಟು ತಡಿಬೇಕಾಗ್ತೈತಿ.”

ಅತ್ತೆ ನನ್ನ ಕಡೆ ನೋಡಿದಳು, ಅಪ್ಪನ ಕಡೆ ನೋಡಿದಳು.

“ಯಾರು ಹಿಡದಿದ್ರು?”

“ನೀವರಿ.”

“ಯಾವಾಗ?”

ಮಾವನೇ ಹೇಳಿದರು. ಬಂದ ಸಂಜೆ, ಹಾಲು ಕೊಟ್ಟಾಗ, ನನಗ ತ್ಯಾಗ ಐತಿ ಅಂದದ್ದು. ಅದು ಸಮಾಧಿ ಎಂದು ತಾವು ಕಂಪೌಂಡರನಿಗೂ ಊರಿಗೂ ಹೇಳಿದ್ದು, ಜನ ಕಾಲು ಮುಟ್ಟಿದ್ದು, ನೀರಿನ ತಂಬಿಗೆ ತೆಗೆದಿಟ್ಟದ್ದು. ಅತ್ತೆ ಪೂರಾ ಕೇಳಿದಳು. ಅವಳ ಮುಖಕ್ಕೆ ಒಂಬತ್ತು ದಿನದಲ್ಲಿ ಮೊದಲ ಸಲ ರಕ್ತ ಬಂತು.

“ಪಾರಿಸಾ, ಮೂವತ್ತು ವರ್ಷ ನನ್ನ ಪಡಸಾಲ್ಯಾಗ ಕುಂತು ದಿನಾ ಸಂಜಿಗಿ ಆ ಮಾತು ಕೇಳೀಯಲ್ಲ. ದಿನಾ ಸತ್ತೆನೇನ ನಾನು?”

“ಅಲ್ರಿ ವೈನಿ, ಹಿಂತಾ ಹೊತ್ತಿನ್ಯಾಗ ಅಂದ್ರಿ ಅಂತ...”

“ಎಲ್ಲಿತನಕ ಅಂತ ಕೇಳಿದೇನ?”

ಮಾವ ಹಿರಿಯರ ಕಡೆ ನೋಡಿದರು.

“ಕೇಳಿದೇನ ಅಂದೆ.”

“ಇಲ್ರಿ.”

“ನನ್ನ ಸಾವು ನಿನ್ನ ಬಾಯಾಗಿಂದ ಬೇಡಿದಿ. ನನ್ನ ಬಾಯಿಗೆ ಬರೂ ನೀರು ಕಸಗೊಂಡಿ. ಈಗ ನಾ ಬದಕಿದ್ದಕ್ಕ ತಪ್ಪು ದಂಡ ಕೇಳಾಕ ಬಂದಿ.” ಕೂಗಲಿಲ್ಲ, ಕೂಗುವ ಶಕ್ತಿ ಇರಲಿಲ್ಲ. “ಹಿರ್ಯಾರ, ನೀವ ಹೇಳ್ರಿ. ಯಾರದು ಪ್ರಾಯಶ್ಚಿತ್ತ?”

ಪದ್ಮರಾಜಪ್ಪನವರು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು, “ಇದನ್ನ ಬರದು ಕೊಡ್ರಿ. ಪಂಚರ ಮುಂದ ಇಡ್ತೀನಿ,” ಎಂದರು.

“ಬ್ರಾಹ್ಮಿ, ಹಾಳಿ ತಗಿ,” ಎಂದು ಅತ್ತೆ ನನ್ನ ಕಡೆ ತಿರುಗಿದಳು.

ಡೈರಿಯಿಂದ ಒಂದು ಹಾಳೆ ಹರಿದೆ. ಅತ್ತೆ ಹೇಳಿದಳು, ನಾನು ಬರೆದೆ. ಮಾವನ ಹೆಸರು, ಅವರು ಆಡಿದ ಮಾತು, ಕಸಿದುಕೊಂಡ ತಂಬಿಗೆ, ಎಲ್ಲವೂ ಬಂತು. ಬರೆಯುವಾಗ ನನ್ನ ಕೈ ಹಗುರವಾಗಿತ್ತು. ನಿಜ ಹೇಳಬೇಕೆಂದರೆ ಖುಷಿಯಾಗಿತ್ತು.

ಅಷ್ಟರಲ್ಲಿ ಅತ್ತೆ ನಿಲ್ಲಿಸಿದಳು.

“ಅಂವ ಅದನ್ನ ಕಂಪೌಂಡರಗ ಹೇಳುವಾಗ ನೀ ಎಲ್ಲಿದ್ದಿ?”

“ಇಲ್ಲೇ ಇದ್ದೆ ಅತ್ತಿ.”

“ಕೇಳಿಸಿತೇನ?”

“ಹೂಂ.”

“ಗೊತ್ತಿದ್ದಿಲ್ಲೇನ ನಿನಗ, ನನ್ನ ತ್ಯಾಗ ಯಾತರದು ಅಂತ?”

“ಗೊತ್ತಿತ್ತು.”

ಮರುದಿನ ನಾನೇ ಓಡಿ ಹೋಗಿ ಡಾಕ್ಟರಿಗೆ ಹೇಳಿದ್ದು, ಕಾಗದ ಕಿತ್ತದ್ದು, ಎಲ್ಲವೂ ತುದಿನಾಲಿಗೆಗೆ ಬಂತು. ಹೇಳಲು ಮನಸ್ಸಾಗಲಿಲ್ಲ. ಅವಳು ಆ ಸಂಜೆಯ ಬಗ್ಗೆ ಕೇಳುತ್ತಿದ್ದಳು.

“ಅಂವ ದಡ್ಡ,” ಎಂದಳು ಅತ್ತೆ. ಮಾವ ಅಲ್ಲೇ ನಿಂತಿದ್ದರು. “ಅಂವಗ ತಿಳೀಲಿಲ್ಲ. ನಿನಗ ತಿಳದಿತ್ತು. ಬರಿ. ಹೇಳಿದಾಂವಂದು ಒಂದು, ಕೇಳಿ ಸುಮ್ಮನಿದ್ದಾಕಿದು ಒಂದು. ಇಬ್ಬರ್ದೂ ಪ್ರಾಯಶ್ಚಿತ್ತ ಆಗಲಿ.”

ನಾನು ಬರೆದೆ. ಕೇಳಿಯೂ ಸುಮ್ಮನಿದ್ದವಳು: ಬ್ರಾಹ್ಮಿ ಅನಂತಪ್ಪ, ಬಿ.ಎ. ಅದು ರೂಢಿಯಿಂದ ಕೈಗೆ ಬಂದುಬಿಟ್ಟಿತು. ಓದು ಎಂದಳು, ಓದಿದೆ.

“ಬಿ.ಎ. ಹೊಡದ ಹಾಕು,” ಎಂದಳು ಅತ್ತೆ. “ಆ ಸಂಜಿ ಅದು ಇರಲಿಲ್ಲ.”

ಹೊಡೆದು ಹಾಕಿದೆ.